ಶಿಲುಬೆಯ ಓಟಿಗೆ ಕೇರಿಯ ಪ್ರಶ್ನೆ

ಚುನಾವಣೆ ಬಂತೆಂದರೆ ಕ್ರೈಸ್ತರ ಹೆಸರಲ್ಲಿ ಕಟ್ಟಿದ ಸಣ್ಣ ಪಕ್ಷದವರು ಯಲಹಂಕ, ಹೆಬ್ಬಾಳದ ನಮ್ಮ ಕೇರಿಗಳಿಗೂ ಬರ್ತಾರೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ, ಓಟು ಕೊಡಿ ಅಂತಾರೆ. ಎಲ್ಲರೂ ಒಂದೇ ಅನ್ನೋದಾದರೆ ನಮ್ಮದೂ ಒಂದು ಮಾತು ಕೇಳಲಿ.

2008ರ ಕ್ಷೇತ್ರ ವಿಂಗಡಣೆಗೆ ಮುಂಚೆ ಯಲಹಂಕ ಪರಿಶಿಷ್ಟ ಜಾತಿಗೆ ಮೀಸಲು. 1973ರಲ್ಲಿ ಬೂಸಾ ಮಾತಾಡಿ ಸವರ್ಣರ ನಿದ್ದೆ ಕೆಡಿಸಿದ ಬಸವಲಿಂಗಪ್ಪನವರು ಗೆದ್ದು ಬಂದ ಕ್ಷೇತ್ರ. ಅದೇ ಕೇರಿಯ ಹೊಲೆಯನೋ ಮಾದಿಗನೋ ದೀಕ್ಷಾಸ್ನಾನ ಪಡೆದಿದ್ದರೆ ಅಲ್ಲಿ ನಾಮಪತ್ರ ಹಾಕೋ ಹಾಗಿರಲಿಲ್ಲ. ಇವತ್ತು ಮೀಸಲು ಕ್ಷೇತ್ರವಾಗಿರೋ ಪುಲಕೇಶಿನಗರದಲ್ಲೂ ಅದೇ ಕಥೆ. ಓಟು ಹಾಕಬಹುದು, ನಿಲ್ಲೋ ಹಾಗಿಲ್ಲ.

ಇದಕ್ಕೆ ಕಾರಣ 1950ರ ರಾಷ್ಟ್ರಪತಿ ಆದೇಶ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದರ ಬಾಗಿಲು ತೆರೀತು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇನ್ನೂ ಹೊರಗೇ. ದೇವರು ಬದಲಾದ, ಕೇರಿ ಬದಲಾಗಲಿಲ್ಲ, ಮಲ ಹೊರೋ ಕೈ ಬದಲಾಗಲಿಲ್ಲ.

ಈ ಪಕ್ಷದವರ ಕರಪತ್ರದಲ್ಲಿ ಆ ಆದೇಶದ ಸುದ್ದಿ ಎಲ್ಲಿದೆ? ಚರ್ಚಿನೊಳಗಿನ ಜಾತಿಯ ಬಗ್ಗೆ ಬಾಯಿ ಬಿಡ್ತಾರಾ? ಟಿಕೆಟ್ಟು ಯಾವ ಕೇರಿಯವನಿಗೆ?

ಹಾಸ್ಟೆಲ್ ಗೆಳೆಯರೇ, ಅವರು ಬಂದರೆ ಕೂರಿಸಿ ಕೇಳೋಣ. ಉತ್ತರ ಇಲ್ಲದವರಿಗೆ ಓಟೂ ಇಲ್ಲ.