ಕಲ್ಲೆಂದು ತೋರುವ ಕಾಗದ

ಕಣ್ಣಿಗೆ ಕಂಡದ್ದನ್ನೇ ನಿಜವೆಂದು ನಂಬುವುದು ಲೋಕದ ರೂಢಿ. ಆ ನಂಬಿಕೆಯನ್ನು ಕೊಂಚ ಅಲುಗಿಸಿ, ನಮ್ಮನ್ನು ಮರುನೋಟಕ್ಕೆ ಎಳೆಯುವುದು ಒಳ್ಳೆಯ ಕಲೆಯ ಗುಣ. ಚೀನ ದೇಶದ ಶಿಲ್ಪಿ ಲೀ ಹಾಂಗ್‌ಬೋ ಅವರ ಕೃತಿಗಳು ಈ ಮಾತಿಗೆ ತಕ್ಕ ನಿದರ್ಶನ.

2014ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. ಅಲ್ಲಿದ್ದವು ಯುರೋಪಿನ ಪ್ರಾಚೀನ ಶೈಲಿಯ ಬಿಳಿಯ ಎದೆಮಟ್ಟದ ಪ್ರತಿಮೆಗಳು. ಗುಂಗುರು ಕೂದಲು, ನೀಳವಾದ ಮೂಗು, ಗಂಭೀರ ಮುಖಭಾವ. ನೋಡಿದವರು ಅವನ್ನು ಅಮೃತಶಿಲೆಯೆಂದೋ ಪ್ಲಾಸ್ಟರಿನ ಎರಕವೆಂದೋ ತಿಳಿಯುವುದು ಸಹಜ. ಆದರೆ ಅಂಥ ಪ್ರತಿಮೆಯ ತಲೆಯನ್ನು ಹಿಡಿದು ಎಳೆದರೆ, ಕೊರಳು ಹಾವಿನಂತೆ ಉದ್ದಕ್ಕೆ ಚಾಚಿ ಬಳುಕುತ್ತದೆ. ಹಿಂದಕ್ಕೆ ಒತ್ತಿದರೆ ಪದರಗಳೆಲ್ಲ ಕೂಡಿಕೊಂಡು ಮೊದಲಿನ ಮುಖವೇ ಮೂಡುತ್ತದೆ. ಅದು ಕಲ್ಲೂ ಅಲ್ಲ, ಪ್ಲಾಸ್ಟರೂ ಅಲ್ಲ. ಬರಿಯ ಕಾಗದ ಮತ್ತು ಅಂಟು.

ಇದರ ರಚನೆ ಸರಳ, ಶ್ರಮ ಅಪಾರ. ಒಂದು ಹಾಳೆಯ ಮೇಲೆ ನಿಯಮಿತ ಅಂತರದಲ್ಲಿ ಅಂಟಿನ ಗೆರೆಗಳನ್ನು ಎಳೆದು, ಮೇಲೊಂದು ಹಾಳೆಯನ್ನು ಇಡುತ್ತಾರೆ. ಆ ಹಾಳೆಯ ಮೇಲಿನ ಗೆರೆಗಳು ಕೆಳಗಿನವುಗಳ ನಡುವೆ ಬೀಳಬೇಕು. ಹೀಗೆ ಸಾವಿರಾರು ಹಾಳೆಗಳು ಸೇರಿ ಗಟ್ಟಿಯಾದ ದಿಮ್ಮಿಯಾಗುತ್ತವೆ. ಅದನ್ನು ಗರಗಸದಿಂದ ಕೊಯ್ದು, ಉಜ್ಜಿ, ಮುಖದ ರೂಪಕ್ಕೆ ತರುತ್ತಾರೆ. ಎಳೆದಾಗ ಒಳಗೆ ಜೇನುಗೂಡಿನಂಥ ಕೋಶಗಳು ತೆರೆದುಕೊಳ್ಳುತ್ತವೆ.

ಈ ವಿದ್ಯೆ ಲೀ ಅವರಿಗೆ ದೊರೆತದ್ದು ಚೀನದ ಸಾಂಪ್ರದಾಯಿಕ ಕಾಗದದ ಆಟಿಕೆ, ಅಲಂಕಾರಗಳಿಂದ. ನಮ್ಮ ಮದುವೆಯ ಹಂದರಗಳಲ್ಲಿಯೂ ಇಂಥವನ್ನು ಕಂಡಿದ್ದೇವೆ. ಮಡಿಸಿದರೆ ಚಪ್ಪಟೆಯಾಗಿ, ಬಿಡಿಸಿದರೆ ದುಂಡಗಾಗುವ ಬಣ್ಣದ ಕಾಗದದ ಗೋಲಗಳಿಗೂ ಇದೇ ಸೂತ್ರ. ಹಬ್ಬ ಕಳೆದೊಡನೆ ನಾವು ಮರೆಯುವ ವಸ್ತುವಿನಲ್ಲಿ ಅವರು ಶಿಲ್ಪವನ್ನು ಕಂಡರು.

ಅವರು ಈ ಮುಖಗಳನ್ನೇ ಆರಿಸಿದ್ದಕ್ಕೂ ಕಾರಣವಿದೆ. ಚಿತ್ರಕಲೆಯ ವಿದ್ಯಾರ್ಥಿಗಳು ಇಂಥ ಪ್ರತಿಮೆಗಳ ಪ್ಲಾಸ್ಟರ್ ಎರಕಗಳ ಮುಂದೆ ಕುಳಿತು ರೇಖಾಭ್ಯಾಸ ಮಾಡುವುದು ಹಳೆಯ ಪದ್ಧತಿ. ಎದುರಿಗಿರುವ ತಲೆ ಅಲುಗದು, ಬದಲಾಗದು. ಅದೇ ಸೌಂದರ್ಯದ ಅಳತೆಗೋಲು. ಆ ಅಳತೆಗೋಲನ್ನೇ ಲೀ ಬಳುಕುವಂತೆ ಮಾಡಿದರು.

ಇದು ಪ್ರಾಚೀನರಿಗೆ ತೋರಿದ ಅಗೌರವವಲ್ಲವೇ ಎಂದು ಹಿರಿಯರು ಕೇಳಬಹುದು. ಇತಿಹಾಸವನ್ನು ನೋಡೋಣ. ಗ್ರೀಕರು ಕಂಚಿನಲ್ಲಿ ಎರಕ ಹೊಯ್ದ ಅನೇಕ ಮೂರ್ತಿಗಳು ಕರಗಿಹೋದವು. ರೋಮನ್ನರು ಅಮೃತಶಿಲೆಯಲ್ಲಿ ಮಾಡಿಸಿದ ಪ್ರತಿಗಳಿಂದಲೇ ಅವುಗಳಲ್ಲಿ ಹಲವು ನಮಗೆ ತಿಳಿದಿವೆ. ಇಂದು ಶುಭ್ರವಾಗಿ ತೋರುವ ಶಿಲಾಮೂರ್ತಿಗಳೂ ಅಂದು ಬಣ್ಣ ತೊಟ್ಟಿದ್ದವು. ಕಂಚಿನಿಂದ ಶಿಲೆಗೆ, ಶಿಲೆಯಿಂದ ಪ್ಲಾಸ್ಟರಿಗೆ ಸಾಗಿಬಂದ ರೂಪ ಈಗ ಕಾಗದಕ್ಕೆ ಬಂದಿದೆ. ಪರಂಪರೆ ಉಳಿದದ್ದು ಒಂದೇ ವಸ್ತುವಿಗೆ ಅಂಟಿಕೊಂಡದ್ದರಿಂದಲ್ಲ. ಕಾಲಕಾಲಕ್ಕೆ ಹೊಸ ಕೈಗಳು ಅದನ್ನು ಎತ್ತಿಕೊಂಡದ್ದರಿಂದ.

ನಮ್ಮ ಮನೆಗಳಲ್ಲಿಯೂ ಮಕ್ಕಳು ಹಳೆಯ ಹಾಳೆಗಳನ್ನು ಮಡಿಸಿ, ಕತ್ತರಿಸಿ, ಅಂಟಿಸಿ ಏನನ್ನೋ ಮಾಡುತ್ತಿರುತ್ತಾರೆ. “ಓದುವುದು ಬಿಟ್ಟು ಇದೇನು ಕಸ?” ಎಂದು ನಾವು ಗದರಿಸುತ್ತೇವೆ. ತಾಯಿತಂದೆಗಳೇ, ಇನ್ನು ಮುಂದೆ ಗದರಿಸುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡಿರಿ. ಕಸವೆಂದು ತೋರುವುದರೊಳಗೆ ಏನು ಅಡಗಿದೆಯೆಂಬುದು ಬಿಡಿಸಿ ನೋಡಿದವರಿಗಷ್ಟೇ ತಿಳಿಯುತ್ತದೆ.