ಪಟ್ಟಿ ಓದುವುದು ನಮಗೇಕೆ ಬೇಡ?

"ಲೀಡ್ ಹಚ್ಚು, ಪಟ್ಟಿ ತೆಗಿ, ಕಳಿಸು. ಓದೋದು ನಿನ್ನ ಕೆಲಸ ಅಲ್ಲ." ಯರಗೇರಾದಿಂದ ನರ್ಸಿಂಗ್ ಕೆಲಸಕ್ಕೆ ಹೋದ ಮೊದಲ ತಿಂಗಳು ಹಿರಿಯರೊಬ್ಬರು ಹೇಳಿದ ಮಾತಿದು. ಬಹಳ ದಿನ ನಂಬಿದ್ದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆಮೇಲೆ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ; ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅದಕ್ಕೂ ಮೊದಲೇ ವಾಟ್ಸಾಪ್ ಗುಂಪುಗಳಲ್ಲಿ ಹಳ್ಳಿ ವೈದ್ಯರಿಗೆ ನೆರವಾಗುತ್ತಿದ್ದರು. ಇದೆಲ್ಲ ಜೀವ ಉಳಿಸುವ ಕೆಲಸ. ನನ್ನ ಜಗಳ ಇದರೊಂದಿಗಲ್ಲ. ‘ಅಲ್ಲಿ ಓದುವವರಿದ್ದಾರೆ, ಇಲ್ಲಿ ಕಲಿಯುವುದೇಕೆ’ ಎಂಬ ಸೋಮಾರಿತನದೊಂದಿಗೆ.

ದೂರಕ್ಕೆ ಕಳಿಸುವುದು ಹೊಸದೂ ಅಲ್ಲ. ಹಾಲೆಂಡಿನ ಲೈಡನ್‌ನಲ್ಲಿ ಐಂಥೋವನ್ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯಲ್ಲಿ ಇಸಿಜಿ ತರಿಸಿಕೊಂಡು ನೂರು ವರ್ಷ ದಾಟಿತು. ಆದರೆ ಕಳಿಸಿದ ಪಟ್ಟಿಯಲ್ಲಿರುವುದು ಹತ್ತು ಸೆಕೆಂಡಿನ ಹೃದಯ ಮಾತ್ರ. ಹನ್ನೊಂದನೇ ಸೆಕೆಂಡಿಗೆ ಹಾಸಿಗೆಯ ಪಕ್ಕ ಇರುವವಳು ನಾನು.

ಒಂದು ರಾತ್ರಿ ತಲೆಸುತ್ತೆಂದು ರೈತರೊಬ್ಬರು ಬಂದರು. ಪಟ್ಟಿ ಕಳಿಸಿದೆವು, ಗಾಬರಿ ಬೇಡ ಎಂಬ ಉತ್ತರ ಬಂತು, ಎಲ್ಲರೂ ಹಗುರಾದೆವು. ನಸುಕಿನಲ್ಲಿ ಮಾನಿಟರ್ 38 ತೋರಿಸಿತು. ಮಲಗಿದ್ದಾರಲ್ಲ, ನಿಧಾನವಾಗಿದೆ ಎಂದುಕೊಂಡೆ. ಪರದೆಯ ಮೇಲೆ ಪಿ ಅಲೆ ತನ್ನ ಪಾಡಿಗೆ, ಕ್ಯೂಆರ್‌ಎಸ್ ತನ್ನ ಪಾಡಿಗೆ ಹೋಗುತ್ತಿದ್ದವು. ಅದನ್ನು ಪೂರ್ಣ ಹೃದಯ ತಡೆ ಅನ್ನುತ್ತಾರೆಂದು ಗೊತ್ತಾಗಿದ್ದು ಬೆಳಿಗ್ಗೆ ಡಾಕ್ಟರ್ ಬಂದ ಮೇಲೆ. ಅವರು ಉಳಿದರು, ಪೇಸ್‌ಮೇಕರ್ ಹಾಕಿಸಿಕೊಂಡರು. ಉಳಿದದ್ದು ನನ್ನಿಂದಲ್ಲ.

ಆಮೇಲೆ ಕಲಿತೆ. ಸಣ್ಣ ಚೌಕ 0.04 ಸೆಕೆಂಡು, ದೊಡ್ಡದು 0.2. ಬಡಿತ ಸಮವಾಗಿದ್ದರೆ ಎರಡು ಬಡಿತಗಳ ನಡುವಿನ ದೊಡ್ಡ ಚೌಕ ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ. ಇದು ಐದನೇ ಇಯತ್ತೆಯ ಲೆಕ್ಕ. ಮೊಹರಂ ಹಲಗೆಯ ಪೆಟ್ಟು ಒಂದು ತಪ್ಪಿದರೂ ನಮ್ಮೂರ ಹುಡುಗರಿಗೆ ಗೊತ್ತಾಗುತ್ತದೆ. ಆ ಕಿವಿ ಇರುವ ಜನಕ್ಕೆ ಲಯ ಅರ್ಥವಾಗದು ಎನ್ನುವವರು ಯಾರು?

ಅರೆಬರೆ ವಿದ್ಯೆ ಅಪಾಯ ಎನ್ನುತ್ತಾರೆ. ಒಪ್ಪುತ್ತೇನೆ. ರೋಗ ನಿರ್ಣಯ ನನಗೆ ಬೇಡ, ಔಷಧಿ ಬರೆಯುವ ಅಧಿಕಾರವೂ ಬೇಡ. ಡಾಕ್ಟರನ್ನು ಯಾವಾಗ ಎಬ್ಬಿಸಬೇಕು ಎಂಬುದಷ್ಟು ತಿಳಿಯಬೇಕು. ನೇರ ಗೆರೆ ಕಂಡಾಗ ಮೊದಲು ರೋಗಿಯನ್ನು ನೋಡಬೇಕು, ಕಳಚಿದ ಲೀಡ್ ಕೂಡ ಹಾಗೇ ಕಾಣುತ್ತದೆ ಎಂದು ತಿಳಿಯಬೇಕು. ಮೊದಲ ಇಸಿಜಿ ಸರಿ ಇದ್ದರೂ ಹೃದಯಾಘಾತ ಇರಬಹುದು, ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು ಎಂದು ತಿಳಿಯಬೇಕು.

ದೇವದುರ್ಗ, ಮಾನ್ವಿಯ ರಾತ್ರಿ ಪಾಳಿಯವರಿಗೆ ಇಷ್ಟನ್ನು ಕಲಿಸಿ. ಕನ್ನಡದಲ್ಲಿ ಕಲಿಸಿ. ಯಂತ್ರ ಕೊಟ್ಟಿದ್ದೀರಿ, ನೆಟ್‌ವರ್ಕ್ ಕೊಟ್ಟಿದ್ದೀರಿ. ಅದರ ಮುಂದೆ ನಿಂತವಳನ್ನು ಕುರುಡಿಯಾಗಿ ಇಡಬೇಡಿ.