ಬಸ್ಸು ಕೆಟ್ಟಾಗ ಮಾತ್ರ ನೆನಪಾಗೋರು

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು. "ಈ ಸಪೋರ್ಟ್ ಡಿಪಾರ್ಟ್‌ಮೆಂಟಿನವರು ದಿನವಿಡೀ ಏನ್ ಮಾಡ್ತಾರೋ?" ಎಚ್‌ಆರ್, ಅಕೌಂಟ್ಸ್, ಅಡ್ಮಿನ್, ಕಂಪ್ಯೂಟರ್ ರಿಪೇರಿಯವರು, ಎಲ್ಲರಿಗೂ ಒಟ್ಟಿಗೇ ಮಂಗಳಾರತಿ. ದುಡಿಯೋರು ನಾವು, ಕೂತು ತಿನ್ನೋರು ಅವರು! ನಾನೂ ನಕ್ಕೆ. ಆಮೇಲೆ ತುತ್ತು ಗಂಟಲಲ್ಲೇ ನಿಂತಂತಾಯ್ತು. ಯಾಕಂದ್ರೆ ನಾನು ಬೆಳೆದದ್ದೇ ಅಂಥ 'ಕೂತು ತಿನ್ನೋರ' ಮನೆಯಲ್ಲಿ.

ನಮ್ಮದು ವಿಜಯಪುರ ಜಿಲ್ಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಊರಲ್ಲಿ ಸರ್ಕಾರಿ ಬಸ್ ಡಿಪೋ ಇವೆ. 2000ದಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಈಶಾನ್ಯ ಸಾರಿಗೆ, ಈಗ ಕಲ್ಯಾಣ ಕರ್ನಾಟಕ ಸಾರಿಗೆ. ಅಪ್ಪ ಅಂಥದೊಂದು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ರಾತ್ರಿ ಪಾಳಿ. ಡ್ರೈವರ್ ಹೇಳಿದ ದೂರು ಕೇಳ್ಕೊಂಡು ಬ್ರೇಕು, ಕ್ಲಚ್ಚು, ಟೈರು ಎಲ್ಲ ನೋಡಿ ಮುಗಿಸೋದ್ರಲ್ಲಿ ಬೆಳಕು ಹರೀತಿತ್ತು. ಜನ ಬಸ್ ಹತ್ತೋ ಹೊತ್ತಿಗೆ ಅಪ್ಪ ಮನೇಲಿ ಮಲಗಿರ್ತಿದ್ದ.

ಬಸ್ಸು ವೇಳೆಗೆ ಮುಟ್ಟಿದ್ರೆ ಡ್ರೈವರ್ ಛಲೋ. ನಡುದಾರಿಯಲ್ಲಿ ನಿಂತರೆ, "ಡಿಪೋದಾಗ ನಿದ್ದಿ ಹೊಡೀತಾರೇನ್ರೀ ಇವ್ರು?" ಈ ಮಾತನ್ನ ಒಮ್ಮೆ ಬಸ್ಸಿನಲ್ಲೇ ಕೂತು ಕೇಳಿದೀನಿ. ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಾನೆ ಅಂತ ಹೇಳದೆ ಕಿಟಕಿ ಕಡೆ ಮುಖ ಮಾಡಿದ್ದೆ.

ಇವರ ಕೆಲಸದ ಪಾಡೇ ಇಷ್ಟು ನೋಡಿ. ಚೆನ್ನಾಗಿ ಮಾಡಿದ್ರೆ ಏನೂ ಆಗೋದಿಲ್ಲ. ಆಗದೇ ಇದ್ದದ್ದನ್ನ ಲೆಕ್ಕ ಹಿಡಿಯೋರು ಯಾರು? ಸಂಬಳ ಸರಿಯಾಗಿ ಬಂತು ಅಂತ ನಾವ್ಯಾರಾದ್ರೂ ಅಕೌಂಟ್ಸ್‌ನವರಿಗೆ ಥ್ಯಾಂಕ್ಸ್ ಹೇಳಿದ್ದೀವಾ? ಒಂದು ದಿನ ತಡವಾದ್ರೆ ಮಾತ್ರ ಹತ್ತು ಮೇಲ್!

ಹೋದ ವರ್ಷ ಆಫೀಸಿನ ಸರ್ವೇ ಫಾರಂನಲ್ಲಿ ರಾತ್ರಿ ಹೆಲ್ಪ್‌ಡೆಸ್ಕ್ ಬಗ್ಗೆ ಕೇಳಿದ್ರು. 'ಅಷ್ಟೇನೂ ಉಪಯೋಗ ಇಲ್ಲ' ಅಂತ ಗೀಚಿದ್ದೆ. ನನ್ನಂಗೇ ಇನ್ನೆಷ್ಟು ಜನ ಗೀಚಿದ್ರೋ. ಎರಡು ತಿಂಗಳಿಗೆ ಆ ಕುರ್ಚಿಯಲ್ಲಿದ್ದ ಹುಡುಗ ಕಾಣಲಿಲ್ಲ. ಅಪ್ಪನಿಗೆ ಆ ಫಾರಂ ತೋರಿಸೋ ಧೈರ್ಯ ನನಗಿಲ್ಲ.

ಅವರದ್ದೇನೂ ತಪ್ಪಿಲ್ಲ ಅಂತಲ್ಲ. ಎದುರಿಗೇ ನಿಂತವನಿಗೂ 'ಟಿಕೆಟ್ ಹಾಕಿ' ಅನ್ನೋರು, ನಿಯಮ ತೋರಿಸಿ ಜಾರಿಕೊಳ್ಳೋರು ಬೇಕಾದಷ್ಟಿದ್ದಾರೆ. ಆದ್ರೆ ವರ್ಷವಿಡೀ ಬೈಗುಳ ಮಾತ್ರ ಕೇಳಿಸಿಕೊಳ್ಳೋನು ನಿಯಮದ ಹಿಂದೆ ಅಡಗದೆ ಇನ್ನೇನು ಮಾಡ್ತಾನೆ?

ನಮ್ಮ ಬಾಗೇವಾಡಿಯ ಬಸವಣ್ಣ 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವನು. ಈಗಿನ ಭಾಷೆಯಲ್ಲಿ ಫೈನಾನ್ಸ್ ಡಿಪಾರ್ಟ್‌ಮೆಂಟು! ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ನಮಗೆ ಕಲಿಸಿದ್ದು ಒಬ್ಬ ಸಪೋರ್ಟ್ ಡಿಪಾರ್ಟ್‌ಮೆಂಟಿನವನೇ ಅಂತ ಊಟದ ಮೇಜಿನಲ್ಲಿ ಹೇಳಬೇಕಿತ್ತು. ಹೊಳೆದದ್ದು ಮನೆಗೆ ಬಂದ ಮೇಲೆ.

ನಾಳೆ ಹೇಳ್ತೀನಿ. ನಿಮ್ಮ ಆಫೀಸಿನಲ್ಲಿ ಹೇಗೆ? ಯಾವತ್ತಾದ್ರೂ ಏನೂ ಕೆಡದ ದಿನ ಅವರ ಕಡೆ ಹೋಗಿ ಮಾತಾಡಿಸಿದ್ದೀರಾ?